ಗೇರುಪೆಟ್ಟಿಗೆಗೆ ಏರುವ ಕಾವು

ಸಿಂಧನೂರಿನಿಂದ ಮಸ್ಕಿಯನ್ನು ಹಾದು ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಗ್ಗಿಯ ಕಾಲದಲ್ಲಿ ಒಂದು ಗಳಿಗೆ ನಿಂತವರಿಗೆ ಭತ್ತ ಹೊತ್ತ ಲಾರಿಗಳ ಸಾಲು ಕಾಣದೆ ಇರದು. ತುಂಗಭದ್ರೆಯ ಎಡದಂಡೆಯ ಕಾಲುವೆ ಈ ಸೀಮೆಯ ಎರೆಭೂಮಿಗೆ ನೀರು ತಂದ ಮೇಲೆ ಜೋಳ ಹತ್ತಿಗಳ ಜೊತೆಗೆ ಭತ್ತವೂ ಇಲ್ಲಿಯ ಬೆಳೆಯಾಯಿತು. ಭತ್ತದ ಹಿಂದೆ ಅಕ್ಕಿಯ ಗಿರಣಿಗಳು ಬಂದುವು. ಗಿರಣಿಗಳ ಹಿಂದೆ ಲಾರಿಗಳು ಬಂದುವು. ಈ ಲಾರಿಗಳಲ್ಲಿ ಬಹುಪಾಲು ಕೈಯಿಂದ ಗೇರು ಬದಲಿಸತಕ್ಕವು. ಚಾಲಕನು ಎಡಗಾಲಿನಿಂದ ಕ್ಲಚ್ಚನ್ನು ಒತ್ತಿ, ಎಂಜಿನನ್ನು ಚಕ್ರಗಳಿಂದ ಒಂದು ಕ್ಷಣ ಬೇರ್ಪಡಿಸಿ, ಗೇರನ್ನು ಬದಲಿಸಿ, ಮತ್ತೆ ಕೂಡಿಸುತ್ತಾನೆ.

ಎಡಗಾಲಿಗೆ ಕೆಲಸವೇ ಇಲ್ಲದ ಇನ್ನೊಂದು ಬಗೆಯ ವಾಹನವೂ ಉಂಟು. ಅದರಲ್ಲಿ ಗೇರು ತಾನಾಗಿಯೇ ಬದಲಾಗುತ್ತದೆ. ಬೆಂಗಳೂರಿನ ನಗರ ಸಾರಿಗೆಗೆ ಈ ಶತಮಾನದ ಮೊದಲ ದಶಕದಲ್ಲಿ ಬಂದ ವೋಲ್ವೊ ಬಸ್ಸುಗಳು ಇಂಥವು. ಗಣಿಗಳಲ್ಲಿ ಅದಿರನ್ನು ಸಾಗಿಸುವ ದೊಡ್ಡ ಡಂಪರುಗಳಲ್ಲಿ ಹಲವು ಇಂಥವು. ಟಿಪ್ಪರ್ ಲಾರಿಗಳಲ್ಲಿಯೂ ಕೆಲವು ಇಂಥವೇ. ನಮ್ಮ ಹಳ್ಳಿಗಳಲ್ಲೆಲ್ಲ ಜೆಸಿಬಿ ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಹಳದಿ ಯಂತ್ರದ ಗೇರು ಸಾಮಾನ್ಯವಾಗಿ ಪೂರ್ತಿ ಸ್ವಯಂಚಾಲಿತವಲ್ಲದಿದ್ದರೂ, ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಅದರಲ್ಲಿ ಇರುವುದು ಇದೇ ಬಗೆಯ ಎಣ್ಣೆಯ ಕೊಂಡಿ. ಆದುದರಿಂದ ಇಲ್ಲಿ ಹೇಳಲಿರುವ ವಿಷಯ ದೂರದ ಊರಿನದೆಂದು ವಾಚಕರು ತಿಳಿಯಬೇಕಾಗಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೇಳುವ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಯಂತ್ರಗಳಿಗೂ ಈ ಸೀಮೆಗೂ ಇರುವ ನಂಟು ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿದೆ.

ಇಂಥ ಸ್ವಯಂಚಾಲಿತ ಗೇರಿನ ಟಿಪ್ಪರ್ ಲಾರಿಯೊಂದು ಹಳೆಯದಾಗಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ, ನಮ್ಮ ಈ ರಸ್ತೆಗೆ ಬಂದಿದೆಯೆಂದು ಭಾವಿಸೋಣ. ಬೆಳಗಿನ ಹೊತ್ತು ಅದು ಚೆನ್ನಾಗಿಯೇ ಓಡುತ್ತದೆ. ಬಿಸಿಲೇರಿ, ಹೊಲದ ದಾರಿಯಲ್ಲಿ ಎರಡು ಸಲ ಹೇರು ಎಳೆದ ಮೇಲೆ ಗೇರೆಣ್ಣೆಯ ಕಾವನ್ನು ತೋರಿಸುವ ಮುಳ್ಳು ಕೆಂಪು ಗೆರೆಯ ಕಡೆಗೆ ಸರಿಯುತ್ತದೆ. ಸುಟ್ಟ ವಾಸನೆ ಬರುತ್ತದೆ. ಎಂಜಿನು ಕೂಗುತ್ತದೆಯೇ ಹೊರತು ಲಾರಿ ಮುಂದಕ್ಕೆ ಹೋಗಲು ಹಿಂಜರಿಯುತ್ತದೆ. ಈ ಸ್ಥಿತಿಯನ್ನು ನಾಲ್ಕು ದಿನ ಉಪೇಕ್ಷಿಸಿದರೆ ಪೆಟ್ಟಿಗೆಯೊಳಗಿನ ಕ್ಲಚ್ಚಿನ ತಟ್ಟೆಗಳು ಸುಟ್ಟುಹೋಗುತ್ತವೆ. ಅನಂತರ ಇಡಿಯ ಪೆಟ್ಟಿಗೆಯನ್ನು ಕೆಳಗಿಳಿಸಿ ಬಿಚ್ಚದೆ ಉಪಾಯವಿಲ್ಲ. ಅದನ್ನು ಬಲ್ಲ ಕುಶಲಿಗಳು ಊರೂರಿಗೆ ದೊರೆಯುವುದಿಲ್ಲ. ಹಳೆಯ ಲಾರಿಯ ಬೆಲೆಯ ದೊಡ್ಡ ಪಾಲು ಆ ಒಂದು ಕೆಲಸಕ್ಕೇ ಹೋಗಬಹುದು. ಒಂದೇ ಲಾರಿಯನ್ನು ನಂಬಿಕೊಂಡ ಮನೆಗೆ ಇದು ಸಣ್ಣ ಪೆಟ್ಟಲ್ಲ.

ಇಂಥ ಸಮಯದಲ್ಲಿ ರಸ್ತೆಯ ಬದಿಯಲ್ಲಿ ಕೇಳಿಬರುವ ಸಲಹೆಗಳು ಮುಖ್ಯವಾಗಿ ಎರಡು: ಎಣ್ಣೆ ಕಡಿಮೆಯಾಗಿರಬೇಕು, ಇನ್ನಷ್ಟು ಸುರಿ, ಅಥವಾ ದೊಡ್ಡ ಕೂಲರೊಂದನ್ನು ತಂದು ಕೂಡಿಸು. ಎರಡೂ ಕೆಲವೊಮ್ಮೆ ಸರಿಯಾಗಬಹುದು. ಆದರೆ ಕಾವು ಎಲ್ಲಿ ಹುಟ್ಟುತ್ತಿದೆ, ಎಲ್ಲಿ ಹೋಗದೆ ನಿಂತಿದೆ ಎಂಬುದನ್ನು ಅರಿಯದೆ ಮಾಡುವ ಚಿಕಿತ್ಸೆ ಕತ್ತಲಲ್ಲಿ ಕಲ್ಲೆಸೆದಂತೆ. ಕಾವು ಜಮಾಖರ್ಚಿನ ವಿಷಯ. ಪ್ರತಿ ಸೆಕೆಂಡಿಗೆ ಎಣ್ಣೆಯೊಳಕ್ಕೆ ಬರುವ ಉಷ್ಣ ಎಷ್ಟು, ಹೊರಕ್ಕೆ ಹೋಗುವ ಉಷ್ಣ ಎಷ್ಟು ಎಂಬ ಎರಡು ಅಂಕಣಗಳು ಸರಿಹೊಂದದಿದ್ದಾಗ ಉಳಿಕೆಯೆಲ್ಲ ಉಷ್ಣತೆಯ ಏರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಯಾವ ಅಂಕಣ ತಪ್ಪಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಮೊದಲು ಬರುವ ಅಂಕಣವನ್ನು ನೋಡೋಣ. ಜೂಲನ ಪ್ರಯೋಗವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲನು 1845ರಲ್ಲಿ ಒಂದು ಪಾತ್ರೆಯ ನೀರಿನಲ್ಲಿ ರೆಕ್ಕೆಗಳುಳ್ಳ ಚಕ್ರವನ್ನು ಇಟ್ಟು, ಕೆಳಗಿಳಿಯುವ ತೂಕದ ಕಲ್ಲುಗಳಿಂದ ಅದನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದನು. ಕಲಕುವ ಕೆಲಸವೆಲ್ಲ ಉಷ್ಣವಾಗಿ ಮಾರ್ಪಡುತ್ತದೆಂದೂ, ಇಷ್ಟು ಕೆಲಸಕ್ಕೆ ಇಷ್ಟೇ ಉಷ್ಣವೆಂದೂ ಅವನು ತೋರಿಸಿಕೊಟ್ಟನು. ಒಂದು ಕ್ಯಾಲೊರಿ ಉಷ್ಣಕ್ಕೆ ಸುಮಾರು 4.18 ಜೂಲು ಕೆಲಸವೆಂದು ಇಂದು ನಾವು ಹೇಳುವುದು ಅದೇ ಸಂಬಂಧವನ್ನು. ಜೂಲನಿಗೆ ನೀರು ಒಂದು ಡಿಗ್ರಿ ಬಿಸಿಯಾಗುವುದನ್ನು ನೋಡಲೂ ಬಹಳ ಸಹನೆ ಬೇಕಾಗಿತ್ತು. ಸ್ವಯಂಚಾಲಿತ ಗೇರಿನ ಲಾರಿಯು ಅದೇ ಪಾತ್ರೆಯನ್ನು ತನ್ನ ಹೊಟ್ಟೆಯಲ್ಲಿ ಹೊತ್ತುಕೊಂಡು ತಿರುಗುತ್ತದೆ. ವ್ಯತ್ಯಾಸವಿಷ್ಟೆ: ಇಲ್ಲಿ ಕಲಕುವುದು ನೂರು ಅಶ್ವಶಕ್ತಿಗೂ ಮೀರಿದ ಎಂಜಿನು.

ಆ ಪಾತ್ರೆಯ ಹೆಸರು ಟಾರ್ಕ್ ಕನ್ವರ್ಟರು; ತಿರುಗಿಸುವ ಬಲವನ್ನು ಮಾರ್ಪಡಿಸುವ ಸಾಧನ ಎಂದರ್ಥ. ಇದರ ಮೂಲ ಕಲ್ಪನೆ ಜರ್ಮನಿಯ ಹರ್ಮನ್ ಫ್ಯೋಟಿಂಗರ್ ಎಂಬ ಎಂಜಿನಿಯರನದು. ಹಡಗಿನ ಉಗಿ ಟರ್ಬೈನು ಅತಿ ವೇಗವಾಗಿ ತಿರುಗುತ್ತದೆ. ಹಡಗನ್ನು ತಳ್ಳುವ ಪ್ರೊಪೆಲರಾದರೋ ನಿಧಾನವಾಗಿ ತಿರುಗಬೇಕು. ಇವೆರಡನ್ನೂ ದ್ರವದ ಮೂಲಕ ಕೂಡಿಸುವ ಉಪಾಯಕ್ಕೆ ಅವನು 1905ರಲ್ಲಿ ಪೇಟೆಂಟು ಪಡೆದನು. ರಸ್ತೆಯ ವಾಹನಗಳಿಗೆ ಅದು ಬಂದದ್ದು ಅನಂತರ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಹೈಡ್ರಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಕೊಟ್ಟಿತು. ಅದರಲ್ಲಿದ್ದುದು ಬಲವನ್ನು ಹೆಚ್ಚಿಸದ ಸರಳವಾದ ದ್ರವದ ಕೊಂಡಿ. ಬಲವನ್ನು ಹೆಚ್ಚಿಸುವ ಕನ್ವರ್ಟರಿನ ಡೈನಫ್ಲೋ 1948ರಲ್ಲಿ ಬ್ಯೂಯಿಕ್ ಕಾರುಗಳಿಗೆ ಬಂದಿತು.

ಎರಡು ವಿದ್ಯುತ್ ಪಂಖಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಓಡಿಸಿದರೆ, ಅದರ ಗಾಳಿ ತಾಗಿ ಎರಡನೆಯದೂ ಮೆಲ್ಲಗೆ ತಿರುಗತೊಡಗುತ್ತದೆ. ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆ. ಪಂಖಗಳ ಬದಲು ಬಟ್ಟಲಿನಾಕಾರದ ಎರಡು ರೆಕ್ಕೆಚಕ್ರಗಳು. ಎಂಜಿನಿಗೆ ಅಂಟಿಕೊಂಡು ತಿರುಗುವುದನ್ನು ಪಂಪು ಎಂದೂ, ಗೇರುಪೆಟ್ಟಿಗೆಗೆ ಅಂಟಿಕೊಂಡುದನ್ನು ಟರ್ಬೈನು ಎಂದೂ ಕರೆಯುತ್ತಾರೆ. ಪಂಪು ಎಣ್ಣೆಯನ್ನು ಅಂಚಿನ ಕಡೆಗೆ ಎಸೆಯುತ್ತದೆ; ಎಣ್ಣೆ ಟರ್ಬೈನಿನ ರೆಕ್ಕೆಗಳಿಗೆ ಬಡಿದು ಅದನ್ನು ತಿರುಗಿಸಿ, ನಡುವಿನಿಂದ ಹಿಂದಿರುಗುತ್ತದೆ. ಹೀಗೆ ಹಿಂದಿರುಗುವ ಎಣ್ಣೆ ಪಂಪಿನ ತಿರುಗುವಿಕೆಗೆ ಎದುರಾಗಿ ಬರುವುದರಿಂದ, ನಡುವೆ ಸ್ಟೇಟರು ಎಂಬ ಮೂರನೆಯ ಚಕ್ರವನ್ನು ಇಟ್ಟು ಅದರ ದಿಕ್ಕನ್ನು ತಿದ್ದುತ್ತಾರೆ. ತಿದ್ದಿದ ಹರಿವು ಪಂಪಿಗೆ ನೆರವಾಗುತ್ತದೆ. ಲಾರಿ ಹೊರಡುವ ಕ್ಷಣದಲ್ಲಿ ಎಂಜಿನಿನ ತಿರುಗಿಸುವ ಬಲ ಹೀಗೆ ಸುಮಾರು ಎರಡು ಪಟ್ಟಾಗಿ ಗೇರುಪೆಟ್ಟಿಗೆಯನ್ನು ಮುಟ್ಟುತ್ತದೆ. ಸ್ಟೇಟರು ಒಂದೇ ದಿಕ್ಕಿಗೆ ಹಿಡಿದು, ಇನ್ನೊಂದು ದಿಕ್ಕಿಗೆ ಸಡಿಲವಾಗಿ ತಿರುಗುವ ಏಕಮುಖ ಕ್ಲಚ್ಚಿನ ಮೇಲೆ ಕುಳಿತಿರುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಬಲ ಎರಡು ಪಟ್ಟಾಯಿತೆಂದರೆ ಶಕ್ತಿಯೂ ಎರಡು ಪಟ್ಟಾಯಿತೆಂದು ಅರ್ಥವಲ್ಲ. ಶಕ್ತಿಯ ಹರಿವು ಎಂದರೆ ತಿರುಗಿಸುವ ಬಲ ಮತ್ತು ತಿರುಗುವ ವೇಗ, ಇವುಗಳ ಗುಣಲಬ್ಧ. ಲಾರಿ ಇನ್ನೂ ಅಲುಗದೆ ನಿಂತಿರುವಾಗ ಟರ್ಬೈನಿನ ವೇಗ ಸೊನ್ನೆ. ಆದುದರಿಂದ ಹೊರಕ್ಕೆ ಹೋಗುವ ಶಕ್ತಿಯೂ ಸೊನ್ನೆ. ಎಂಜಿನು ಕೊಟ್ಟದ್ದೆಲ್ಲ ಎಲ್ಲಿಗೆ ಹೋಯಿತು? ಜೂಲನ ಪಾತ್ರೆಗೆ. ಎಂಜಿನು ನಿಮಿಷಕ್ಕೆ 1500 ಸುತ್ತು ತಿರುಗುತ್ತ 400 ನ್ಯೂಟನ್-ಮೀಟರು ತಿರುಗಿಸುವ ಬಲವನ್ನು ಕೊಡುತ್ತಿದೆಯೆಂದು ಇಟ್ಟುಕೊಳ್ಳೋಣ. 1500 ಸುತ್ತು ಎಂದರೆ ಸೆಕೆಂಡಿಗೆ 157 ರೇಡಿಯನ್ನು. ಗುಣಿಸಿದರೆ ಸುಮಾರು 63 ಕಿಲೋವಾಟ್. ಪೆಟ್ಟಿಗೆಯಲ್ಲಿ ಒಟ್ಟು 20 ಲೀಟರು ಎಣ್ಣೆಯಿದ್ದರೆ ಅದರ ತೂಕ ಸುಮಾರು 17 ಕಿಲೋಗ್ರಾಂ. ಎಣ್ಣೆಯ ವಿಶಿಷ್ಟ ಉಷ್ಣ ನೀರಿನದರ ಅರ್ಧದಷ್ಟು, ಕಿಲೋಗ್ರಾಮಿಗೆ ಸುಮಾರು 2 ಕಿಲೋಜೂಲು. ಹಾಗಾದರೆ ಅಷ್ಟೂ ಎಣ್ಣೆಯನ್ನು ಒಂದು ಡಿಗ್ರಿ ಬಿಸಿಮಾಡಲು 34 ಕಿಲೋಜೂಲು ಸಾಕು. ಸೆಕೆಂಡಿಗೆ 63 ಕಿಲೋಜೂಲು ಬರುತ್ತಿರುವಾಗ ಎಣ್ಣೆ ಸೆಕೆಂಡಿಗೆ ಸುಮಾರು ಎರಡು ಡಿಗ್ರಿಯಂತೆ ಏರುತ್ತದೆ! ಅದೂ ಎಣ್ಣೆಯೆಲ್ಲ ಚೆನ್ನಾಗಿ ಬೆರೆತರೆ. ಕನ್ವರ್ಟರಿನೊಳಗಿನ ಆರು ಲೀಟರು ಮಾತ್ರ ಹೊರಗೆ ಹರಿಯದೆ ಅಲ್ಲಿಯೇ ಸಿಕ್ಕಿಕೊಂಡರೆ ಸೆಕೆಂಡಿಗೆ ಆರು ಡಿಗ್ರಿ. ಬ್ರೇಕು ಹಿಡಿದು ಎಂಜಿನನ್ನು ಕೂಗಿಸುವ ಪರೀಕ್ಷೆಯನ್ನು ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಮಾಡಕೂಡದೆಂದು ಕೈಪಿಡಿಗಳು ಎಚ್ಚರಿಸುವುದರ ಗುಟ್ಟು ಈ ಲೆಕ್ಕದಲ್ಲಿದೆ.

ವೇಗ ಹೆಚ್ಚಿದಂತೆ ಟರ್ಬೈನು ಪಂಪನ್ನು ಬಹುಮಟ್ಟಿಗೆ ಸರಿಗಟ್ಟುತ್ತದೆ; ಜಾರುವಿಕೆ ಕಡಿಮೆಯಾಗುತ್ತದೆ; ನಷ್ಟವೂ ಕಡಿಮೆಯಾಗುತ್ತದೆ. ಅನೇಕ ಪೆಟ್ಟಿಗೆಗಳಲ್ಲಿ ಆ ಹಂತಕ್ಕೆ ಬಂದಾಗ ಲಾಕಪ್ ಕ್ಲಚ್ಚು ಎಂಬುದು ಎರಡು ಚಕ್ರಗಳನ್ನೂ ಒಂದಾಗಿ ಬಿಗಿದುಬಿಡುತ್ತದೆ. ಆಗ ಕನ್ವರ್ಟರಿನ ಕಲಕಾಟ ನಿಂತು ಹಲ್ಲು, ಬೇರಿಂಗುಗಳ ಸಣ್ಣ ನಷ್ಟ ಮಾತ್ರ ಉಳಿಯುತ್ತದೆ.

ಇಲ್ಲಿ ನಮ್ಮ ಸೀಮೆಯ ವಿಶೇಷವೊಂದನ್ನು ಹೇಳಬೇಕು. ಗೇರುಪೆಟ್ಟಿಗೆ ಕಾಯುವುದು ಘಾಟಿಯ ಏರಿನಲ್ಲಿ ಎಂಬುದು ಸಾಮಾನ್ಯವಾದ ಎಣಿಕೆ. ಸಿಂಧನೂರು, ಮಸ್ಕಿಗಳ ನಡುವೆ ಘಾಟಿ ಎಲ್ಲಿ ಬಂತು? ಆದರೂ ಇಲ್ಲಿ ಘಾಟಿಗಿಂತ ಕಠಿಣವಾದುದೊಂದಿದೆ; ಅದು ಎರೆಮಣ್ಣು. ಒಳ್ಳೆಯ ಡಾಂಬರು ರಸ್ತೆಯಲ್ಲಿ ಚಕ್ರ ಉರುಳುವುದಕ್ಕೆ ಬರುವ ತಡೆ ಲಾರಿಯ ತೂಕದ ನೂರರಲ್ಲಿ ಒಂದು ಪಾಲಿನಷ್ಟು. ಹದವಾಗಿ ನೆನೆದ ಎರೆಯ ಹೊಲದ ದಾರಿಯಲ್ಲಿ ಅದು ನೂರಕ್ಕೆ ಹತ್ತು, ಹದಿನೈದು, ಇಪ್ಪತ್ತರವರೆಗೂ ಏರಬಹುದು. 16 ಟನ್ನಿನ ಲಾರಿಗೆ ನೂರಕ್ಕೆ 15ರಂತೆ ಲೆಕ್ಕ ಹಾಕಿದರೆ ಚಕ್ರಗಳಿಗೆ ಬೇಕಾದ ಎಳೆತ ಸುಮಾರು 23,500 ನ್ಯೂಟನ್. ಗಂಟೆಗೆ 5 ಕಿಲೋಮೀಟರು ವೇಗದಲ್ಲಿ ಇದು ಸುಮಾರು 33 ಕಿಲೋವಾಟ್. ಟರ್ಬೈನು ಬಹಳ ಹಿಂದೆ ಬಿದ್ದು ಕನ್ವರ್ಟರಿನ ದಕ್ಷತೆ ನೂರಕ್ಕೆ 60ಕ್ಕೆ ಇಳಿದಿದ್ದರೆ, ಎಂಜಿನು ಸುಮಾರು 55 ಕಿಲೋವಾಟ್ ಕೊಡಬೇಕು. ಉಳಿದ 22 ಕಿಲೋವಾಟ್ ಎಣ್ಣೆಗೆ ಉಷ್ಣವಾಗಿ ಸೇರುತ್ತದೆ. ಒಂದು ಕಿಲೋವಾಟಿನ ವಿದ್ಯುತ್ ಒಲೆಗಳನ್ನು ಇಪ್ಪತ್ತೆರಡರಂತೆ ಎಣ್ಣೆಯ ಕೆಳಗೆ ಹಚ್ಚಿಟ್ಟಂತೆ! ನೂರಕ್ಕೆ 15ರ ತಡೆ ಎಂದರೆ ಎಳೆತದ ದೃಷ್ಟಿಯಿಂದ ಹೆದ್ದಾರಿಯಲ್ಲಿ ಏಳು ಅಡಿಗೆ ಒಂದು ಅಡಿ ಏರುವ ಗುಡ್ಡಕ್ಕೆ ಸಮ. ಅಂಥ ಘಾಟಿಯನ್ನು ಯಾರೂ ಹೆದ್ದಾರಿಗೆ ಕಟ್ಟುವುದಿಲ್ಲ.

ಇದರಿಂದ ಚಾಲಕನಿಗೆ ಉಪಯುಕ್ತವಾದ ಒಂದು ಸಂಗತಿ ಹೊರಡುತ್ತದೆ. ಹೊಲದ ದಾರಿಗಿಳಿಯುವ ಮೊದಲೇ ಹಿಡಿಯನ್ನು ಅತಿ ಕೆಳಗಿನ ಗೇರಿಗೆ ತರಬೇಕು. ಚಕ್ರಕ್ಕೆ ಅದೇ ಎಳೆತವನ್ನು ಕೊಡಲು ಕೆಳಗಿನ ಗೇರಿನಲ್ಲಿ ಟರ್ಬೈನು ಕಡಿಮೆ ಬಲದಿಂದ, ಆದರೆ ಹೆಚ್ಚು ವೇಗದಿಂದ ತಿರುಗಿದರೆ ಸಾಕು. ಅಂದರೆ ಅದು ಪಂಪಿನ ಸಮೀಪಕ್ಕೆ ಬರುತ್ತದೆ, ಜಾರುವಿಕೆ ತಗ್ಗುತ್ತದೆ. ಡೀಸೆಲ್ ಉಳಿಸುವ ಆಸೆಯಿಂದ ಮೇಲಿನ ಗೇರಿನಲ್ಲಿಯೇ ತಿಣುಕುವ ಅಭ್ಯಾಸ ಇಲ್ಲಿ ಡೀಸೆಲನ್ನೂ ಉಳಿಸುವುದಿಲ್ಲ, ಪೆಟ್ಟಿಗೆಯನ್ನೂ ಉಳಿಸುವುದಿಲ್ಲ.

ಇನ್ನು ಹೋಗುವ ಅಂಕಣ. ಕನ್ವರ್ಟರಿನಿಂದ ಹೊರಬಿದ್ದ ಬಿಸಿ ಎಣ್ಣೆ ಕೊಳವೆಯ ಮೂಲಕ ಕೂಲರಿಗೆ ಹೋಗುತ್ತದೆ. ಕೆಲವು ವಾಹನಗಳಲ್ಲಿ ಕೂಲರು ರೇಡಿಯೇಟರಿನ ನೀರಿನೊಳಗೇ ಅಡಗಿರುತ್ತದೆ. ಕೆಲವುಗಳಲ್ಲಿ ಗಾಳಿಗೆ ಒಡ್ಡಿದ ತೆಳುಹಾಳೆಗಳ ಬೇರೆ ಕೂಲರಿರುತ್ತದೆ. ಮೊದಲನೆಯ ಬಗೆಯಲ್ಲಿ ಎಣ್ಣೆ ರೇಡಿಯೇಟರಿನ ನೀರಿಗಿಂತ ತಣ್ಣಗಾಗಲಾರದು. ಫ್ಯಾನಿನ ಬೆಲ್ಟು ಸಡಿಲವಾಗಿದ್ದರೆ, ಥರ್ಮೋಸ್ಟಾಟು ಅರ್ಧ ತೆರೆದು ನಿಂತಿದ್ದರೆ, ಗಡಸು ನೀರಿನ ಕಸರು ಕೊಳವೆಗಳಲ್ಲಿ ಕಟ್ಟಿಕೊಂಡಿದ್ದರೆ, ರೋಗ ಎಂಜಿನಿನದು, ನರಳುವುದು ಗೇರುಪೆಟ್ಟಿಗೆ.

ಗಾಳಿಯ ಕೂಲರಿನ ಲೆಕ್ಕ ಇನ್ನೂ ಸರಳ. ಅದು ಬಿಡುವ ಉಷ್ಣ ಎಣ್ಣೆಗೂ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಬಹುಮಟ್ಟಿಗೆ ಅನುಪಾತದಲ್ಲಿರುತ್ತದೆ. 10 ಕಿಲೋವಾಟ್ ಉಷ್ಣವನ್ನು ಬಿಡಲು 60 ಡಿಗ್ರಿ ಸೆಲ್ಸಿಯಸ್ ಅಂತರ ಬೇಕಾಗುವ ಕೂಲರೊಂದಿದೆಯೆನ್ನೋಣ. 25 ಡಿಗ್ರಿಯ ಊರಿನಲ್ಲಿ ಎಣ್ಣೆ 85ರಲ್ಲಿ ನಿಲ್ಲುತ್ತದೆ. ಬೇಸಗೆಯ ಮಧ್ಯಾಹ್ನ ಗಾಳಿಯೇ 42 ಡಿಗ್ರಿ ಇರುವ ನಮ್ಮ ಕಡೆ ಅದೇ ಕೆಲಸಕ್ಕೆ 102ಕ್ಕೆ ಏರುತ್ತದೆ. ಇಷ್ಟು ಅನಿವಾರ್ಯ, ಇದನ್ನು ರೋಗವೆಂದು ಕರೆಯಲಾಗದು. ಆದರೆ ಕೂಲರಿನ ಹಾಳೆಗಳ ನಡುವೆ ಭತ್ತದ ಹೊಟ್ಟು, ಧೂಳು, ಹುಲ್ಲಿನ ಚೂರು, ಸೋರಿದ ಎಣ್ಣೆ ಸೇರಿ ಅರ್ಧ ಭಾಗ ಮುಚ್ಚಿಹೋಯಿತೆಂದರೆ ಬೇಕಾದ ಅಂತರ 120 ಆಗುತ್ತದೆ. ಎಣ್ಣೆ 162ರ ದಾರಿ ಹಿಡಿಯುತ್ತದೆ. ಪೆಟ್ಟಿಗೆಯ ಮೈಯಿಂದಲೂ ಕಾವು ಹೊರಹೋಗುವುದರಿಂದ ನಿಜವಾಗಿ ಅಷ್ಟಾಗದಿದ್ದರೂ, ಅಪಾಯದ ಗೆರೆ ಅದಕ್ಕೆ ಎಷ್ಟೋ ಮುಂಚೆಯೇ ಬಂದಿರುತ್ತದೆ. ಅಕ್ಕಿಯ ಗಿರಣಿಯ ಅಂಗಳದಲ್ಲಿ ದಿನವೂ ನಿಲ್ಲುವ ವಾಹನಕ್ಕೆ ಹೊಟ್ಟು ಅಂಟುವುದು ದೊಡ್ಡ ಆಶ್ಚರ್ಯವಲ್ಲ. ಭತ್ತ ಕೊಯ್ಯುವ ಯಂತ್ರಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಚಲಿಸುವಂಥವು ಇವೆ. ಅವುಗಳ ಕೂಲರಿಗೂ ಇದೇ ಗತಿ.

ಎಣ್ಣೆ ಅತಿಯಾಗಿ ಕಾದರೆ ಆಗುವುದೇನು? ಸಾಮಾನ್ಯವಾಗಿ ಪೆಟ್ಟಿಗೆಯ ತಳದ ಎಣ್ಣೆ 80ರಿಂದ 95 ಡಿಗ್ರಿಯ ಸುಮಾರಿನಲ್ಲಿ ಇದ್ದರೆ ಕ್ಷೇಮ. ಅದರ ಮೇಲೆ ಏರಿದಂತೆಲ್ಲ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಡುವ ವೇಗ ಹೆಚ್ಚುತ್ತದೆ. ರಾಸಾಯನಿಕ ಕ್ರಿಯೆಯ ವೇಗಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ಸ್ವೀಡನ್ನಿನ ಅರ್ಹೇನಿಯಸ್ 1889ರಲ್ಲಿ ವಿವರಿಸಿದನು. ಅದರಿಂದ ಬಂದ ಒರಟು ಸೂತ್ರವೆಂದರೆ, ಪ್ರತಿ 10 ಡಿಗ್ರಿಗೆ ಎಣ್ಣೆಯ ಆಯುಸ್ಸು ಸುಮಾರು ಅರ್ಧವಾಗುತ್ತದೆ. 85ರ ಬದಲು 125ರಲ್ಲಿ ಕೆಲಸ ಮಾಡುವ ಎಣ್ಣೆಯ ಆಯುಸ್ಸು ಹದಿನಾರರಲ್ಲಿ ಒಂದು ಪಾಲು. ರಬ್ಬರಿನ ಸೀಲುಗಳು ಗಟ್ಟಿಯಾಗಿ ಬಿರಿಯುತ್ತವೆ. 150 ಡಿಗ್ರಿ ದಾಟಿದರೆ ಕಾಗದದಂಥ ನಾರಿನ ಪದಾರ್ಥದಿಂದ ಮಾಡಿದ ಕ್ಲಚ್ಚಿನ ಹೊದಿಕೆ ಕರಗಾಗತೊಡಗುತ್ತದೆ.

ಇದಕ್ಕಿಂತ ಸ್ವಾರಸ್ಯವಾದುದು ಇನ್ನೊಂದು. ಕಾದ ಎಣ್ಣೆಯ ಸ್ನಿಗ್ಧತೆ ಕಡಿಮೆಯಾಗುತ್ತದೆ, ಅಂದರೆ ಅದು ತೆಳುವಾಗುತ್ತದೆ. ಸವೆದ ಹಳೆಯ ಪಂಪಿನ ಸಂದುಗಳಲ್ಲಿ ತೆಳು ಎಣ್ಣೆ ಸುಲಭವಾಗಿ ನುಸುಳಿಹೋಗುತ್ತದೆ. ಒತ್ತಡ ಕುಗ್ಗುತ್ತದೆ. ಪೆಟ್ಟಿಗೆಯೊಳಗಿನ ಕ್ಲಚ್ಚುಗಳನ್ನು ಬಿಗಿಹಿಡಿದಿರುವುದೇ ಆ ಒತ್ತಡವಾದ್ದರಿಂದ ಹಿಡಿತ ಸಡಿಲಿ ತಟ್ಟೆಗಳು ಒಂದರ ಮೇಲೊಂದು ಉಜ್ಜುತ್ತವೆ. ಉಜ್ಜಿದರೆ ಮತ್ತೆ ಕಾವು. ಕಾವಿನಿಂದ ಮತ್ತೆ ತೆಳುವು. ಬೆಳಿಗ್ಗೆ ಸರಿಯಾಗಿ ಓಡಿದ ಲಾರಿ ಮಧ್ಯಾಹ್ನ ಒಮ್ಮಿಂದೊಮ್ಮೆ ಕೈಕೊಡುವುದು ಈ ಚಕ್ರ ತಿರುಗತೊಡಗಿದಾಗ.

ದೋಷವನ್ನು ಹುಡುಕುವ ಕ್ರಮಕ್ಕೆ ಈಗ ಬರಬಹುದು. ಮೊದಲು ಮಾಪಕವನ್ನೇ ನಂಬಬಹುದೆ ಎಂದು ನೋಡಬೇಕು. ಹಳೆಯ ಲಾರಿಯ ತಂತಿಗಳು ಸುಳ್ಳು ಹೇಳುವುದುಂಟು. ಆಮೇಲೆ ಎಣ್ಣೆಯ ಮಟ್ಟ. ಇದನ್ನು ನೋಡುವ ಕ್ರಮ ಎಂಜಿನ್ ಎಣ್ಣೆಯದರಂತಲ್ಲ. ಅನೇಕ ಪೆಟ್ಟಿಗೆಗಳಲ್ಲಿ ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಣ್ಣೆ ಬಿಸಿಯಾಗಿರುವಾಗ, ಗೇರು ನ್ಯೂಟ್ರಲಿನಲ್ಲಿದ್ದು ಎಂಜಿನು ನಿಧಾನವಾಗಿ ಓಡುತ್ತಿರುವಂತೆಯೇ ಅಳೆಯಬೇಕು. ಆಯಾ ವಾಹನದ ಕೈಪಿಡಿಯ ಮಾತೇ ಇಲ್ಲಿ ಪ್ರಮಾಣ. ಎಂಜಿನು ನಿಂತಾಗ ಅಳೆದವನಿಗೆ ಮಟ್ಟ ಬೇರೆಯಾಗಿಯೇ ಕಾಣುತ್ತದೆ. ಎಣ್ಣೆ ಕಡಿಮೆಯಿದ್ದರೆ ಪಂಪು ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಹೆಚ್ಚಾದರೆ ತಿರುಗುವ ಹಲ್ಲುಗಳು ಎಣ್ಣೆಯಲ್ಲಿ ಮುಳುಗಿ ಮಜ್ಜಿಗೆ ಕಡೆದಂತೆ ಕಡೆಯುತ್ತವೆ, ನೊರೆ ಏಳುತ್ತದೆ. ನೊರೆ ಕಾವನ್ನು ಸಾಗಿಸಲಾರದು, ಒತ್ತಡವನ್ನೂ ಹಿಡಿದಿಡಲಾರದು. ಉಕ್ಕಿದ ಎಣ್ಣೆ ಅಳತೆಗೋಲಿನ ಕೊಳವೆಯಿಂದ ಹೊರಬಿದ್ದು ಕೆಂಪಗೆ ಕಾದ ಹೊಗೆಕೊಳವೆಯ ಮೇಲೆ ಸುರಿದರೆ ಬೆಂಕಿಯೇ ಏಳಬಹುದು. ಇನ್ನಷ್ಟು ಎಣ್ಣೆ ಸುರಿ ಎಂಬ ಸಲಹೆ ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ. ಅಳತೆಗೋಲನ್ನು ಬಿಳಿಯ ಬಟ್ಟೆಗೆ ಒರಸಿ ಎಣ್ಣೆಯ ಬಣ್ಣವನ್ನೂ ನೋಡಬೇಕು: ಕಂದು ತಿರುಗಿ ಸುಟ್ಟ ವಾಸನೆಯಿದ್ದರೆ ಕ್ಲಚ್ಚು ಉರಿದಿದೆ, ಹಾಲು ಬೆರೆತಂತಿದ್ದರೆ ರೇಡಿಯೇಟರಿನ ನೀರು ಕೂಲರಿನೊಳಗಿಂದ ನುಸುಳಿದೆ.

ಇನ್ನು ನನಗೆ ಬಹಳ ಮೆಚ್ಚಿಗೆಯಾದ ಪರೀಕ್ಷೆ. ಇದಕ್ಕೆ ಬೇಕಾದುದು ಒಂದು ಥರ್ಮಾಮೀಟರು ಮಾತ್ರ. ದೂರದಿಂದಲೇ ಉಷ್ಣತೆಯನ್ನು ಅಳೆಯುವ ಅತಿಗೆಂಪು ಕಿರಣದ ಸಾಧನವಾದರೆ ಇನ್ನೂ ಅನುಕೂಲ. ಲಾರಿಯನ್ನು ಚೆನ್ನಾಗಿ ಓಡಿಸಿ ತಂದು, ಕೂಲರಿಗೆ ಹೋಗುವ ಕೊಳವೆಯ ಉಷ್ಣತೆಯನ್ನೂ ಅದರಿಂದ ಮರಳುವ ಕೊಳವೆಯ ಉಷ್ಣತೆಯನ್ನೂ ಅಳೆಯಬೇಕು. ಕೂಲರು ಹೊರಹಾಕುವ ಉಷ್ಣವೆಂದರೆ, ಸೆಕೆಂಡಿಗೆ ಹರಿಯುವ ಎಣ್ಣೆಯ ತೂಕ, ಅದರ ವಿಶಿಷ್ಟ ಉಷ್ಣ, ಈ ಎರಡು ಉಷ್ಣತೆಗಳ ಅಂತರ, ಇವು ಮೂರರ ಗುಣಲಬ್ಧ. ನಿಮಿಷಕ್ಕೆ 20 ಲೀಟರು ಹರಿಯುತ್ತಿದ್ದರೆ 10 ಕಿಲೋವಾಟನ್ನು ಹೊರಹಾಕುವಾಗ ಅಂತರ ಸುಮಾರು 18 ಡಿಗ್ರಿ ಬರಬೇಕು. ಪೆಟ್ಟಿಗೆ ಕುದಿಯುತ್ತಿದ್ದರೂ ಅಂತರ ಮೂರು ನಾಲ್ಕು ಡಿಗ್ರಿಯಷ್ಟೇ ಇದೆಯೆನ್ನಿ: ಎಣ್ಣೆ ಹರಿಯುತ್ತಿದೆ, ಆದರೆ ಕೂಲರು ಕಾವನ್ನು ಗಾಳಿಗೆ ಕೊಡುತ್ತಿಲ್ಲ. ಹಾಳೆಗಳು ಮುಚ್ಚಿವೆ ಅಥವಾ ಫ್ಯಾನು ಸೋತಿದೆ. ಇದಕ್ಕೆ ತದ್ವಿರುದ್ಧವಾಗಿ ಅಂತರ 40, 50 ಡಿಗ್ರಿ ಇದ್ದು ಮರಳುವ ಕೊಳವೆ ತಣ್ಣಗಿದ್ದರೂ ಪೆಟ್ಟಿಗೆ ಕಾಯುತ್ತಿದ್ದರೆ, ಕೂಲರು ತನ್ನ ಕೆಲಸವನ್ನು ಮಾಡುತ್ತಿದೆ, ಹರಿವೇ ಸಾಲದು. ಕೊಳವೆ ಎಲ್ಲಿಯೋ ಮಡಚಿಕೊಂಡಿದೆ, ಒಳಗೆ ಕಸ ಕಟ್ಟಿದೆ, ಅಥವಾ ಪಂಪು ಸವೆದಿದೆ. ಈ ಎರಡನೆಯ ಸಂದರ್ಭದಲ್ಲಿ ದೊಡ್ಡ ಕೂಲರನ್ನು ಕೊಂಡುತಂದರೆ ಹಣ ಹೋದೀತೇ ಹೊರತು ಕಾವು ಹೋಗದು. ಅಂತರವೂ ಸರಿಯಾಗಿದ್ದು, ಹರಿವೂ ಸರಿಯಾಗಿದ್ದು, ಆದರೂ ಮುಳ್ಳು ಏರುತ್ತಿದ್ದರೆ ಮಾತ್ರ ಉಷ್ಣ ಹುಟ್ಟುವ ಅಂಕಣದ ಕಡೆಗೆ ತಿರುಗಬೇಕು.

ಅಲ್ಲಿ ನೋಡತಕ್ಕ ಸುಲಭವಾದ ಸಂಗತಿ ಬ್ರೇಕು. ಒಂದು ಚಕ್ರದ ಬ್ರೇಕು ಹಿಡಿದುಕೊಂಡೇ ಇದ್ದರೆ ಲಾರಿ ಸದಾ ಘಾಟಿ ಹತ್ತುತ್ತಿರುವಂತೆ. ನಾಲ್ಕು ಮೈಲಿ ಓಡಿಸಿ ಚಕ್ರಗಳ ನಡುವಿನ ಕಾವನ್ನು ಒಂದಕ್ಕೊಂದು ಹೋಲಿಸಿದರೆ ಗೊತ್ತಾಗುತ್ತದೆ. ಆಮೇಲೆ ಲಾಕಪ್ ಕ್ಲಚ್ಚು. ಸಮರಸ್ತೆಯಲ್ಲಿ ವೇಗ ಹಿಡಿದಾಗ ಎಂಜಿನಿನ ಸುತ್ತುಗಳು ಒಮ್ಮೆ ತಟಕ್ಕನೆ ಇಳಿಯಬೇಕು. ಇಳಿಯದಿದ್ದರೆ ಬಿಗಿತ ಬೀಳುತ್ತಿಲ್ಲ. ಇಲಿ ಕಡಿದ ಒಂದು ತಂತಿಯೇ ಇದಕ್ಕೆ ಸಾಕು. ಕೊನೆಗೆ ಸ್ಟೇಟರು. ಅದರ ಏಕಮುಖ ಕ್ಲಚ್ಚು ಎರಡೂ ಕಡೆಗೆ ಜಾರಿದರೆ ಲಾರಿ ಹೊರಡುವಾಗ ಬಲವಿರುವುದಿಲ್ಲ, ವೇಗ ಹಿಡಿದ ಮೇಲೆ ಸರಿಹೋಗುತ್ತದೆ. ಎರಡೂ ಕಡೆಗೆ ಹಿಡಿದುಕೊಂಡರೆ ಹೊರಡುವಾಗ ಎಲ್ಲವೂ ಸರಿ. ವೇಗ ಹೆಚ್ಚಿದಾಗ ನಿಂತ ರೆಕ್ಕೆಗಳು ಹರಿವಿಗೆ ಅಡ್ಡಬಂದು ಎಣ್ಣೆ ಸುಮ್ಮಸುಮ್ಮನೆ ಕಾಯುತ್ತದೆ. ಬ್ರೇಕು ಹಿಡಿದು ಎಂಜಿನನ್ನು ಓಡಿಸುವ ಪರೀಕ್ಷೆಯಲ್ಲಿ ಸುತ್ತುಗಳು ಕೈಪಿಡಿಯ ಅಂಕಿಗಿಂತ ಬಹಳ ಕಡಿಮೆ ಬಂದರೆ ಜಾರುವ ಸ್ಟೇಟರು ಅಥವಾ ಸೊರಗಿದ ಎಂಜಿನು. ಹೆಚ್ಚು ಬಂದರೆ ಒಳಗಿನ ಕ್ಲಚ್ಚು ಜಾರುತ್ತಿದೆ. ಆದರೆ ಇದು ಅನುಭವಿಯಾದ ಕುಶಲಿಯ ಕೆಲಸ. ಲಾರಿ ಹಾರಿ ಮುಂದಕ್ಕೆ ನುಗ್ಗಿದರೆ ಎದುರಿಗಿದ್ದವರ ಜೀವಕ್ಕೆ ಅಪಾಯ. ವಿದ್ಯಾರ್ಥಿಗಳು ದೂರ ನಿಂತು ಅಂಕಿಗಳನ್ನು ಬರೆದುಕೊಂಡರೆ ಸಾಕು.

ದಾರಿಯ ನಡುವೆ ಮುಳ್ಳು ಕೆಂಪಿಗೇರಿದರೆ ಲಾರಿಯನ್ನು ಬದಿಗೆ ನಿಲ್ಲಿಸಿ ಎಂಜಿನನ್ನು ತಟ್ಟನೆ ಆರಿಸುವುದು ಸಹಜವಾದ ಪ್ರವೃತ್ತಿ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಎಂಜಿನು ನಿಂತರೆ ಪಂಪೂ ನಿಲ್ಲುತ್ತದೆ, ಫ್ಯಾನೂ ನಿಲ್ಲುತ್ತದೆ. ಬಿಸಿ ಎಣ್ಣೆ ಕನ್ವರ್ಟರಿನಲ್ಲಿಯೇ ಬೇಯುತ್ತ ಕುಳಿತಿರುತ್ತದೆ. ಎಣ್ಣೆ ಸೋರುತ್ತಿಲ್ಲವೆಂದು ಖಚಿತಮಾಡಿಕೊಂಡು, ಕೈಬ್ರೇಕು ಹಾಕಿ, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನನ್ನು ನಿಮಿಷಕ್ಕೆ 1000–1200 ಸುತ್ತಿನಂತೆ ಕೆಲವು ನಿಮಿಷ ಓಡಿಸಬೇಕು. ಟರ್ಬೈನಿಗೆ ಈಗ ಹೊರೆಯಿಲ್ಲ, ಅದು ಪಂಪಿನ ಜೊತೆಗೇ ತಿರುಗುತ್ತದೆ. ಹೊಸ ಉಷ್ಣ ಹುಟ್ಟುವುದಿಲ್ಲವೆನ್ನಬಹುದು, ಇದ್ದ ಉಷ್ಣ ಕೂಲರಿನ ದಾರಿ ಹಿಡಿಯುತ್ತದೆ. ಮುಳ್ಳು ಎರಡು ಮೂರು ನಿಮಿಷಗಳಲ್ಲಿ ಇಳಿಯದಿದ್ದರೆ ಮಾತ್ರ ಆರಿಸಿ, ಲಾರಿಯನ್ನು ಎಳೆಸಿಕೊಂಡು ಹೋಗುವ ವ್ಯವಸ್ಥೆ ಮಾಡಬೇಕು. ಕಾದ ಪೆಟ್ಟಿಗೆಯ ಮೇಲೆ ಬಿಂದಿಗೆಯ ನೀರನ್ನು ಸುರಿಯಬಾರದು. ಎರಕದ ಅಲ್ಯೂಮಿನಿಯಮ್ಮಿನ ಕವಚ ಒಂದು ಕಡೆ ಕುಗ್ಗಿ, ಇನ್ನೊಂದು ಕಡೆ ಹಿಗ್ಗಿ ಬಿರಿಯಬಹುದು.

ದುರಸ್ತಿಯಲ್ಲಿ ಕೂಲರಿನ ಹೊರಮೈಯನ್ನು ತೊಳೆಯುವಾಗ ಗಾಳಿ ಎತ್ತಲಿಂದ ನುಗ್ಗುತ್ತದೆಯೋ ಅದಕ್ಕೆ ಎದುರು ದಿಕ್ಕಿನಿಂದ ನೀರು ಹಾಯಿಸಬೇಕು. ಮುಂದಿನಿಂದಲೇ ಹಾಯಿಸಿದರೆ ಹೊಟ್ಟು ಇನ್ನೂ ಒಳಕ್ಕೆ ಗಿಡಿದುಕೊಳ್ಳುತ್ತದೆ. ಧಾರೆ ಬಿರುಸಾದರೆ ತೆಳುಹಾಳೆಗಳು ಮಲಗಿಬಿಡುತ್ತವೆ. ಆಗ ಮುಚ್ಚಿದ್ದಕ್ಕೂ ತೊಳೆದದ್ದಕ್ಕೂ ಭೇದವಿಲ್ಲ. ಎಣ್ಣೆಯನ್ನು ಬದಲಿಸುವಾಗ ಫಿಲ್ಟರನ್ನೂ ಬದಲಿಸಬೇಕು; ಕೈಪಿಡಿ ಹೇಳಿದ ಬಗೆಯ ಎಣ್ಣೆಯನ್ನೇ ತರಬೇಕು, ಏಕೆಂದರೆ ಕ್ಲಚ್ಚಿನ ಹೊದಿಕೆ ಹಿಡಿಯುವುದೂ ಬಿಡುವುದೂ ಎಣ್ಣೆಯ ಗುಣವನ್ನು ಅವಲಂಬಿಸಿದೆ. ಕ್ಲಚ್ಚುಗಳು ಸುಟ್ಟು ಪೆಟ್ಟಿಗೆಯನ್ನು ಬಿಚ್ಚಿ ಕಟ್ಟಿದ ಸಂದರ್ಭದಲ್ಲಿ ಕೂಲರನ್ನೂ ಕೊಳವೆಗಳನ್ನೂ ಒಳಗಿನಿಂದ ತೊಳೆಯದೆ ಮತ್ತೆ ಕೂಡಿಸಬಾರದು. ಸುಟ್ಟ ತಟ್ಟೆಯ ಪುಡಿಯೂ ಲೋಹದ ಚೂರುಗಳೂ ಹೋಗಿ ಕುಳಿತಿರುವುದು ಅಲ್ಲಿಯೇ. ಅವು ಹೊಸ ಎಣ್ಣೆಯ ಜೊತೆ ಹೊಸ ಪೆಟ್ಟಿಗೆಗೆ ಬಂದು ಸೇರುತ್ತವೆ. ಇಲ್ಲವೆ ಹರಿವನ್ನು ತಡೆದು ಮತ್ತೆ ಅದೇ ಜ್ವರವನ್ನು ತರಿಸುತ್ತವೆ. ಬೇರೆ ಕೂಲರನ್ನು ಕೂಡಿಸುವುದಿದ್ದರೆ ಇಷ್ಟೆಲ್ಲ ಆದ ಮೇಲೆ; ಅದನ್ನು ರೇಡಿಯೇಟರಿಗೆ ಅಂಟಿಸದೆ, ಬಿಸಿಗಾಳಿ ತಾಗದ ಎಡೆಯಲ್ಲಿ, ಹೊಟ್ಟನ್ನು ತಡೆಯುವ ಬಲೆಯೊಂದನ್ನು ಮುಂದಿಟ್ಟು ಕಟ್ಟಬೇಕು. ಬಲೆಯನ್ನು ದಿನವೂ ಕೊಡವಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಮೇಲೆ ಹೇಳಿದ ಲಾರಿ ಎರೆಯ ದಾರಿಯಲ್ಲಿ 22 ಕಿಲೋವಾಟ್ ಉಷ್ಣವನ್ನು ಹುಟ್ಟಿಸುತ್ತಿದೆ. ಕೂಲರು 12 ಕಿಲೋವಾಟನ್ನು ಮಾತ್ರ ಹೊರಹಾಕುತ್ತಿದೆ. ಎಣ್ಣೆ ಮೊದಲು 90 ಡಿಗ್ರಿಯಲ್ಲಿದ್ದರೆ 120ನ್ನು ಮುಟ್ಟಲು ಎಷ್ಟು ಹೊತ್ತು ಬೇಕು? ಆ ಹೊತ್ತಿನಲ್ಲಿ ಗಂಟೆಗೆ 5 ಕಿಲೋಮೀಟರು ವೇಗದ ಲಾರಿ ಎಷ್ಟು ದೂರ ಹೋದೀತು? ಉತ್ತರ ಸುಮಾರು 100 ಸೆಕೆಂಡು, ಸುಮಾರು 140 ಮೀಟರು. ಪೆಟ್ಟಿಗೆಯ ಲೋಹವೂ ಒಂದಷ್ಟು ಉಷ್ಣವನ್ನು ಕುಡಿಯುವುದರಿಂದ ನಿಜವಾದ ಅವಧಿ ಇದಕ್ಕಿಂತ ಹೆಚ್ಚು. 80 ಕಿಲೋಗ್ರಾಂ ತೂಕದ ಅಲ್ಯೂಮಿನಿಯಮ್ಮಿನ ಕವಚವೂ ಎಣ್ಣೆಯ ಜೊತೆಗೇ ಕಾಯುತ್ತದೆಂದು ಭಾವಿಸಿ, ಅದರ ವಿಶಿಷ್ಟ ಉಷ್ಣವನ್ನು ಕಿಲೋಗ್ರಾಮಿಗೆ 0.9 ಕಿಲೋಜೂಲು ಎಂದಿಟ್ಟುಕೊಂಡು, ಎಷ್ಟು ಹೆಚ್ಚೆಂಬುದನ್ನು ತಾವೇ ಕಂಡುಹಿಡಿಯಬಹುದು.